ಸೋಲಿಗೆ ಅಡ್ಡಿಯಾದವನನ್ನು ಏನು ಮಾಡೋಣ?

ಅಮೆರಿಕದ ಬಾಸ್ಕೆಟ್‌ಬಾಲ್ ಲೀಗಾದ ಎನ್‌ಬಿಎಯಲ್ಲಿ ಉಟಾ ಜಾಝ್ ಎಂಬ ತಂಡವಿದೆ. ಆ ತಂಡದ ಆಡಳಿತಕ್ಕೆ 2022ರಿಂದ ಒಂದು ದೊಡ್ಡ ತೊಂದರೆ ಗಂಟುಬಿದ್ದಿತು. ತಂಡದಲ್ಲಿ ಬುಟ್ಟಿಗೆ ಚೆಂಡು ಹಾಕಲು ಬರುವವನೊಬ್ಬನಿದ್ದ.

ಹೆಸರು ಲೌರಿ ಮಾರ್ಕನೆನ್, ದೇಶ ಫಿನ್ಲೆಂಡ್, ಎತ್ತರ ಏಳು ಅಡಿ. ಆ ವರ್ಷ ತಂಡವು ತನ್ನ ಇಬ್ಬರು ಹೆಸರಾಂತ ಆಟಗಾರರಾದ ಡೊನೊವನ್ ಮಿಚೆಲ್ ಮತ್ತು ರೂಡಿ ಗೋಬೇರ್ ಅವರನ್ನು ಬೇರೆ ತಂಡಗಳಿಗೆ ದಾಟಿಸಿ, ಮುಂದೆ ಎಂದೋ ಬರಲಿರುವ ಹೊಸಬರನ್ನು ಆರಿಸಿಕೊಳ್ಳುವ ಹಕ್ಕುಗಳನ್ನು ಪಡೆದಿತ್ತು. ಆ ಆಯ್ಕೆಯ ಮೊದಲ ಸುತ್ತಿನವೇ ಏಳು. ಆ ವ್ಯವಹಾರದಲ್ಲಿ ಮಿಚೆಲ್‌ಗೆ ಬದಲಿಯಾಗಿ ಬಂದವರ ಪೈಕಿ ಮಾರ್ಕನೆನ್ ಕೂಡ ಒಬ್ಬ. ಬಂದವನು ತೆಪ್ಪಗೆ ಮೂಲೆಯಲ್ಲಿ ಕುಳಿತಿದ್ದರೆ ಎಲ್ಲವೂ ಸುಸೂತ್ರವಾಗಿತ್ತು. ಮೊದಲ ವರ್ಷವೇ ಪಂದ್ಯಕ್ಕೆ ಸರಾಸರಿ 25.6 ಅಂಕ ಗಳಿಸಿ, ಇಡೀ ಲೀಗಿನಲ್ಲಿ ಅತಿ ಹೆಚ್ಚು ಸುಧಾರಿಸಿದ ಆಟಗಾರನೆಂಬ ಪ್ರಶಸ್ತಿಯನ್ನೂ ಪಡೆದು ಯಜಮಾನರ ಯೋಜನೆಗೆ ಕಲ್ಲು ಹಾಕಿದ. ಯೋಜನೆಯೆಂದರೆ ಸೋಲುವುದು. ಮರ್ಯಾದೆಯ ಭಾಷೆಯಲ್ಲಿ ಅದನ್ನು ಮರುನಿರ್ಮಾಣ ಎನ್ನುತ್ತಾರೆ.

ಇವನನ್ನು ಮಾರಬೇಕೇ, ಇಟ್ಟುಕೊಳ್ಳಬೇಕೇ ಎಂಬ ಪ್ರಶ್ನೆಯನ್ನು ಉಟಾದವರಿಗಿಂತ ಗಂಭೀರವಾಗಿ ಕೈಗೆತ್ತಿಕೊಂಡಿರುವುದು ಕುಂಬಳೆ ಪೇಟೆಯ ಒಂದು ಹೋಟೆಲು. ಉಟಾದಲ್ಲಿ ರಾತ್ರಿ ಏಳಕ್ಕೆ ಆಟ ಶುರುವಾದರೆ ಚಳಿಗಾಲದಲ್ಲಿ ನಮಗೆ ಬೆಳಿಗ್ಗೆ ಏಳೂವರೆ. ಬನ್ಸ್ ಬಾಣಲೆಯಿಂದ ಮೇಲೆ ಬರುವ ಹೊತ್ತು. ನನ್ನ ಅಳಿಯ ಮೊಬೈಲನ್ನು ಸಕ್ಕರೆ ಡಬ್ಬಿಗೆ ಒರಗಿಸಿ ಕೂರುತ್ತಾನೆ. ಅವನು ಬಾಸ್ಕೆಟ್‌ಬಾಲ್ ಮುಟ್ಟಿದ್ದನ್ನು ಕಂಡವರಿಲ್ಲ. ಆದರೆ ಉಟಾ ತಂಡದ 2029ರ ಆಯ್ಕೆಯ ಹಕ್ಕುಗಳು ಎಲ್ಲಿಂದ ಬಂದವು ಎಂದು ಕೇಳಿದರೆ ನಿದ್ದೆಗಣ್ಣಿನಲ್ಲೂ ಹೇಳುತ್ತಾನೆ. ಮಾರಲೇಬೇಕು ಎಂಬ ಪಕ್ಷಕ್ಕೆ ಅವನೇ ನಾಯಕ. ಎದುರು ಪಕ್ಷದಲ್ಲಿ ಒಬ್ಬ ನಿವೃತ್ತ ಮಾಸ್ಟರು. ಅವರಿಗೆ ಆಟದ ಗಂಧಗಾಳಿಯಿಲ್ಲ. ಆದರೆ ಒಬ್ಬರನ್ನು ಒಂದು ಮಾತೂ ಕೇಳದೆ ಇಲ್ಲಿಂದ ಅಲ್ಲಿಗೆ ಕೊಟ್ಟುಬಿಟ್ಟರು ಎಂದಾಕ್ಷಣ ಸಿಟ್ಟು ಬರಲು ಕಾಸರಗೋಡಿನ ಕನ್ನಡ ಮಾಸ್ಟರಿಗೆ ಬೇರೆ ಕಾರಣ ಬೇಕಾಗಿಲ್ಲ.

ಮೂರನೆಯವರು ಲಾಟರಿ ಮಾರುವ ಅಣ್ಣ. ಅವರಿಗೆ ಈ ಚರ್ಚೆಯಲ್ಲಿ ವೃತ್ತಿಪರ ಆಸಕ್ತಿ. ಏಕೆಂದರೆ ಎನ್‌ಬಿಎಯಲ್ಲಿ ಹೊಸ ಆಟಗಾರರನ್ನು ಯಾರು ಮೊದಲು ಆರಿಸಬೇಕು ಎಂಬುದನ್ನು 1985ರಿಂದ ಲಾಟರಿಯೇ ನಿರ್ಧರಿಸುತ್ತದೆ. ಯಂತ್ರದೊಳಗೆ 14 ಪಿಂಗ್‌ಪಾಂಗ್ ಚೆಂಡು ಹಾಕಿ ನಾಲ್ಕನ್ನು ಹೊರತೆಗೆಯುತ್ತಾರೆ. ಸಂಖ್ಯೆಗಳ 1,000 ಜೋಡಣೆಗಳನ್ನು ಸೋತ ತಂಡಗಳಿಗೆ ಮೊದಲೇ ಹಂಚಿರುತ್ತಾರೆ. ತೀರಾ ಕೆಳಗಿನ ಮೂರು ತಂಡಗಳಿಗೆ ತಲಾ 140, ಅಂದರೆ ಶೇ. 14ರಷ್ಟು ಅವಕಾಶ. ಮೇಲಕ್ಕೆ ಹೋದಂತೆ ಕಡಿಮೆ.

“ಹಾಗಾದರೆ ಹೆಚ್ಚು ಸೋತವನಿಗೆ ಹೆಚ್ಚು ಟಿಕೆಟ್ ಬಿಟ್ಟಿ ಎಂದಾಯಿತು” ಎಂದರು ಲಾಟರಿಯ ಅಣ್ಣ. “ದಯವಿಟ್ಟು ಈ ಸಂಗತಿ ತಿರುವನಂತಪುರಕ್ಕೆ ತಿಳಿಯುವುದು ಬೇಡ. ನನ್ನ ಹೊಟ್ಟೆಪಾಡು.”

ಈ ಬಿಟ್ಟಿ ಟಿಕೆಟಿನ ಆಸೆಗೆ ಉಟಾ ತಂಡ 2024–25ರಲ್ಲಿ ಪಟ್ಟ ಶ್ರಮವನ್ನು ಸ್ವಲ್ಪ ನೋಡಬೇಕು. 82 ಪಂದ್ಯಗಳಲ್ಲಿ 65ನ್ನು ಸೋತಿತು. ಇಡೀ ಲೀಗಿನಲ್ಲಿ ಕೊನೆಯ ಸ್ಥಾನ. ಹೀಗೆ ಸೋಲುವುದು ಸುಲಭವಲ್ಲ. ಆಡಬಲ್ಲವನನ್ನು ಆಡದಂತೆ ನೋಡಿಕೊಳ್ಳಬೇಕು. ಮಾರ್ಚ್‌ನಲ್ಲಿ ಲೀಗಿನವರು ವಿಚಾರಣೆ ನಡೆಸಿ, ಮಾರ್ಕನೆನ್‌ನನ್ನು ಕಣಕ್ಕಿಳಿಸದೆ ಕೂರಿಸಿದ್ದು ನಿಯಮಬಾಹಿರ ಎಂದು ತಂಡಕ್ಕೆ ಒಂದು ಲಕ್ಷ ಡಾಲರ್ ದಂಡ ಹಾಕಿದರು. ಆಗಿನ ದರದಲ್ಲಿ ಸುಮಾರು 87 ಲಕ್ಷ ರೂಪಾಯಿ. ದಂಡ ಕಟ್ಟಿಯೂ ಛಲ ಬಿಡದೆ ಸೋತರು. ಮೇ ತಿಂಗಳಲ್ಲಿ ಲಾಟರಿ ಎತ್ತಿದಾಗ ಉಟಾಕ್ಕೆ ಸಿಕ್ಕಿದ್ದು ಐದನೆಯ ಆಯ್ಕೆ. ಕೊನೆಯ ಸ್ಥಾನದ ತಂಡ ಲಾಟರಿಯಲ್ಲಿ ಅದಕ್ಕಿಂತ ಕೆಳಗೆ ಜಾರಲು ನಿಯಮದಲ್ಲಿ ಅವಕಾಶವೇ ಇಲ್ಲ. ಸೋಲುವುದರಲ್ಲೂ ಸೋತರು.

ಇವರೊಬ್ಬರದೇ ಗ್ರಹಚಾರವೇನಲ್ಲ. ಈ ಶೇ. 14ರ ನಿಯಮ ಬಂದ 2019ರಿಂದ 2025ರವರೆಗಿನ ಏಳು ಲಾಟರಿಗಳಲ್ಲಿ ಕಟ್ಟಕಡೆಯ ತಂಡಕ್ಕೆ ಮೊದಲ ಆಯ್ಕೆ ಒಮ್ಮೆಯೂ ಬರಲಿಲ್ಲ. 2023, 2024, 2025 ಮೂರೂ ವರ್ಷ ಬಂದದ್ದು ಐದನೆಯದು. ಆದರೂ ಪ್ರತಿ ವರ್ಷ ನಾಲ್ಕೈದು ತಂಡಗಳು ನಾ ಮುಂದು ತಾ ಮುಂದು ಎಂದು ಪಾತಾಳಕ್ಕೆ ಇಳಿಯುತ್ತವೆ. ಸೋಲುವ ವರ್ಷವೆಂದು ಟಿಕೆಟ್ ದರದಲ್ಲಿ ರಿಯಾಯಿತಿ ಕೊಟ್ಟವರನ್ನು ನಾನಂತೂ ಕಾಣೆ.

ದಂಡದ ವಿಷಯ ಬಂದಾಗ ಇನ್ನೊಂದು ಸಂಗತಿ ಹೇಳದಿದ್ದರೆ ನನಗೆ ತಿಂದದ್ದು ಜೀರ್ಣವಾಗದು. 2018ರಲ್ಲಿ ಡಲ್ಲಾಸ್ ಮೇವರಿಕ್ಸ್ ತಂಡದ ಮಾಲೀಕ ಮಾರ್ಕ್ ಕ್ಯೂಬನ್, ಈ ವರ್ಷ ನಮಗೆ ಸೋಲುವುದೇ ಒಳ್ಳೆಯದೆಂದು ಆಟಗಾರರಿಗೆ ತಿಳಿಸಿದ್ದೇನೆ ಎಂದು ಬಹಿರಂಗವಾಗಿ ಹೇಳಿಬಿಟ್ಟರು. ದಂಡ ಆರು ಲಕ್ಷ ಡಾಲರ್. ಅಂದರೆ ಸೋಲುವುದಕ್ಕೆ ಏರ್ಪಾಡು ಮಾಡಿದರೆ ಒಂದು ಲಕ್ಷ, ಏರ್ಪಾಡು ಮಾಡಿದ್ದೇವೆ ಎಂದು ಸತ್ಯ ನುಡಿದರೆ ಆರು ಲಕ್ಷ. ಇಂಥ ದರಪಟ್ಟಿ ನಮ್ಮ ರಾಜಕಾರಣದಲ್ಲೂ ಜಾರಿಯಲ್ಲಿದೆ, ಆದರೆ ಅಚ್ಚು ಹಾಕಿಸಿ ಗೋಡೆಗೆ ಅಂಟಿಸಿಲ್ಲ.

ಇನ್ನು ಮಾರ್ಕನೆನ್ ಕಡೆಯ ಕಥೆ. 2024ರ ಬೇಸಿಗೆಯಲ್ಲಿ ತಂಡ ಅವನ ಮುಂದೆ ಹೊಸ ಒಪ್ಪಂದ ಇಟ್ಟಿತು. ಐದು ವರ್ಷಕ್ಕೆ ಸುಮಾರು 23.8 ಕೋಟಿ ಡಾಲರ್. ಆಗಸ್ಟ್ 6ರಂದೇ ಸಹಿ ಹಾಕಬಹುದಿತ್ತು. ಹಾಕಲಿಲ್ಲ. ಒಂದು ದಿನ ಸುಮ್ಮನಿದ್ದು, 7ನೇ ತಾರೀಖು ಹಾಕಿದ. ಏಕೆಂದರೆ ಅಂಥ ಒಪ್ಪಂದಕ್ಕೆ ಸಹಿ ಹಾಕಿದವನನ್ನು ಆರು ತಿಂಗಳು ಮಾರುವಂತಿಲ್ಲ. ಮುಂದಿನ ಫೆಬ್ರವರಿ 6 ಆ ಋತುವಿನ ಮಾರಾಟಕ್ಕೆ ಕೊನೆಯ ದಿನ. ಅವನ ಆರು ತಿಂಗಳು ಮುಗಿಯುವಷ್ಟರಲ್ಲಿ ಸಂತೆಯ ಬಾಗಿಲು ಮುಚ್ಚಿರುತ್ತದೆ. ಒಂದೇ ಒಂದು ದಿನ ತಡಮಾಡಿ ಇಡೀ ಒಂದು ವರ್ಷ ತನ್ನನ್ನು ಯಾರೂ ಎತ್ತಿಕೊಡದಂತೆ ಬೇಲಿ ಹಾಕಿಕೊಂಡ.

ಅಳಿಯ ಇದನ್ನು ದ್ರೋಹ ಎಂದೇ ಬಗೆದಿದ್ದಾನೆ. “ತಂಡದ ಭವಿಷ್ಯಕ್ಕೆ ಪೆಟ್ಟು ಕೊಟ್ಟ, ಮಾವ.”

ಮಾಸ್ಟರು ಮಾತ್ರ ಚಾಯದ ಗ್ಲಾಸನ್ನು ಕೆಳಗಿಟ್ಟು, ಆ ತಾರೀಖನ್ನು ಇನ್ನೊಮ್ಮೆ ಹೇಳಿಸಿಕೊಂಡರು. ಬಳಿಕ ಕಂಬದಲ್ಲಿದ್ದ ಕ್ಯಾಲೆಂಡರಿನ ಕಡೆ ನೋಡಿ, “1956ರ ಅಕ್ಟೋಬರಿನಲ್ಲಿ ನಮ್ಮವರಿಗೆ ಇಂಥದೊಂದು ಬುದ್ಧಿ ಹೊಳೆಯಲಿಲ್ಲವಲ್ಲ” ಎಂದರು.

ಅಲ್ಲಿಗೆ ಚರ್ಚೆ ಉಟಾದಿಂದ ಚಂದ್ರಗಿರಿ ಹೊಳೆಯ ದಡಕ್ಕೆ ಬಂತು. ಬಾರದಿದ್ದರೇ ಆಶ್ಚರ್ಯ. 1956ರ ನವೆಂಬರ್ 1ರಂದು ದಕ್ಷಿಣ ಕನ್ನಡ ಜಿಲ್ಲೆ ಮೈಸೂರು ರಾಜ್ಯಕ್ಕೆ ಹೋಯಿತು, ಅದರದೇ ಭಾಗವಾಗಿದ್ದ ಕಾಸರಗೋಡು ತಾಲೂಕು ಕೇರಳಕ್ಕೆ. ಆಟಗಾರನ ಅಭಿಪ್ರಾಯ ಕೇಳುವ ನಿಯಮ ಆಗಲೂ ಇರಲಿಲ್ಲ. ಆಮೇಲೆ ಬಂದ ಮಹಾಜನ ಆಯೋಗ 1967ರಲ್ಲಿ, ಚಂದ್ರಗಿರಿಯ ಉತ್ತರ ಭಾಗವನ್ನು ಮೈಸೂರು ರಾಜ್ಯಕ್ಕೆ ಸೇರಿಸಬೇಕೆಂದು ವರದಿ ಕೊಟ್ಟಿತು. ಅಳಿಯನ ಪರಿಭಾಷೆಯಲ್ಲಿ ಹೇಳುವುದಾದರೆ ಅದು ನಮ್ಮ ಕೈಯಲ್ಲಿರುವ ಮೊದಲ ಸುತ್ತಿನ ಹಕ್ಕು, ಯಾವ ವರ್ಷ ಚಲಾಯಿಸಬೇಕೆಂದು ಮಾತ್ರ ಬರೆದಿಲ್ಲ. ಕನ್ನಡ ಶಾಲೆಗೆ ಕನ್ನಡ ಬಾರದ ಅಧ್ಯಾಪಕರು ನೇಮಕವಾದಾಗಲೆಲ್ಲ ನಾವು ಅದನ್ನು ಪೆಟ್ಟಿಗೆಯಿಂದ ತೆಗೆದು, ಧೂಳು ಕೊಡವಿ, ಒಂದು ಸಭೆ ಮಾಡಿ, ಮತ್ತೆ ಪೆಟ್ಟಿಗೆಗೆ ಹಾಕುತ್ತೇವೆ.

“ಅದೇ 1967ರಲ್ಲಿ ನಮ್ಮ ಕೇರಳ ಲಾಟರಿ ಇಲಾಖೆಯೂ ಶುರುವಾದದ್ದು” ಎಂದು ಲಾಟರಿಯ ಅಣ್ಣ ನಡುವೆ ಬಾಯಿ ಹಾಕಿದರು. “ಮೊದಲ ಡ್ರಾ 1968ರ ಜನವರಿ 26ಕ್ಕೆ ಸರಿಯಾಗಿ ನಡೆಯಿತು. ನಮ್ಮದರಲ್ಲಿ ಹಣ ಬಾರದಿರಬಹುದು ಮಾಸ್ಟರೇ, ಫಲಿತಾಂಶವಾದರೂ ಬರುತ್ತದೆ.”

ಮಾಸ್ಟರು ಉತ್ತರಿಸಲಿಲ್ಲ. ಆ ದಿನದ ಚಾಯದ ದುಡ್ಡು ಮಾತ್ರ ಲಾಟರಿಯ ಅಣ್ಣನೇ ಕೊಟ್ಟರು.

ಅಳಿಯ ಸೋಲೊಪ್ಪುವ ಜಾತಿಯಲ್ಲ. ಅವನ ಬತ್ತಳಿಕೆಯಲ್ಲಿರುವ ಬ್ರಹ್ಮಾಸ್ತ್ರ ಓಕ್ಲಹೋಮ ಸಿಟಿ ಥಂಡರ್. 2019ರಲ್ಲಿ ಆ ತಂಡ ಪಾಲ್ ಜಾರ್ಜ್ ಎಂಬ ತನ್ನ ತಾರೆಯನ್ನು ಲಾಸ್ ಏಂಜಲೀಸಿನ ಕ್ಲಿಪ್ಪರ್ಸ್‌ಗೆ ಕೊಟ್ಟು, ಮೊದಲ ಸುತ್ತಿನ ಐದು ಹಕ್ಕುಗಳನ್ನೂ ಶೇ ಗಿಲ್ಜಸ್-ಅಲೆಕ್ಸಾಂಡರ್ ಎಂಬ ಎಳೆಯ ಹುಡುಗನನ್ನೂ ಪಡೆಯಿತು. 2025ರಲ್ಲಿ ಚಾಂಪಿಯನ್ ಆಯಿತು. ಮಾರಿದ್ದರಿಂದಲೇ ಗೆದ್ದರು ಎಂಬುದು ವಾದ. ಇಷ್ಟು ಹೇಳಿ ಅವನು ನಿಲ್ಲಿಸಿಬಿಡುತ್ತಾನೆ. ಮುಂದಿನ ವಾಕ್ಯವನ್ನು ನಾನೇ ಸೇರಿಸಬೇಕಾಗುತ್ತದೆ: ಆ ಎಳೆಯ ಹುಡುಗ ಬೆಳೆದು ತಂಡದ ಮುಖ್ಯ ಸ್ಕೋರರ್ ಆದ, ನಡುವೆ ತಂಡ ಎರಡು ವರ್ಷ ನೆಲಕಚ್ಚಿದಾಗಲೂ ಅವನನ್ನು ಮಾರಲಿಲ್ಲ, ಚಾಂಪಿಯನ್ ಆದ ವರ್ಷ ಅವನು ಪಂದ್ಯಕ್ಕೆ ಸರಾಸರಿ 32.7 ಅಂಕ ಗಳಿಸಿ ಇಡೀ ಲೀಗಿಗೇ ಮೊದಲಿಗನಾಗಿದ್ದ. ಮಾರಾಟದ ಮಹಿಮೆಗೆ ಕೊಡುವ ಉದಾಹರಣೆಯಲ್ಲಿ ಅರ್ಧಕ್ಕಿಂತ ಹೆಚ್ಚು ಇರುವುದು ಮಾರದೆ ಇಟ್ಟುಕೊಂಡವನ ಮಹಿಮೆ.

ಫಿಲಡೆಲ್ಫಿಯಾದವರದು ಇನ್ನೂ ಘನವಾದ ಸಾಧನೆ. 2013ರಿಂದ ಸ್ಯಾಮ್ ಹಿಂಕಿ ಎಂಬ ವ್ಯವಸ್ಥಾಪಕರ ಮೇಲ್ವಿಚಾರಣೆಯಲ್ಲಿ ಶಾಸ್ತ್ರೋಕ್ತವಾಗಿ ಸೋಲತೊಡಗಿದರು. ಮೂರು ಋತುಗಳಲ್ಲಿ ಗೆದ್ದದ್ದು ಕ್ರಮವಾಗಿ 19, 18, 10 ಪಂದ್ಯ. ಅಭಿಮಾನಿಗಳು “ಈ ಪ್ರಕ್ರಿಯೆಯನ್ನು ನಂಬಿ” ಎಂದು ಗ್ಯಾಲರಿಯಲ್ಲಿ ಘೋಷಣೆ ಕೂಗಿದರು. 2016ರ ಏಪ್ರಿಲಿನಲ್ಲಿ ಹಿಂಕಿ ರಾಜೀನಾಮೆ ಕೊಟ್ಟು ಹೊರಟರು. ಆ ತಂಡ ಕೊನೆಯ ಬಾರಿ ಚಾಂಪಿಯನ್ ಆದದ್ದು 1983ರಲ್ಲಿ. ಪ್ರಕ್ರಿಯೆಯಿಂದ ಆ ಇಸವಿಗೆ ಏನೂ ಧಕ್ಕೆಯಾಗಲಿಲ್ಲ.

ಡೆಟ್ರಾಯಿಟ್ ತಂಡ 2023–24ರಲ್ಲಿ ಸಾಲಾಗಿ 28 ಪಂದ್ಯ ಸೋತಿತು. ಆದರೆ ತನ್ನ ಸ್ಕೋರರ್ ಕೇಡ್ ಕನಿಂಗ್‌ಹ್ಯಾಮ್‌ನನ್ನು ಬಿಟ್ಟುಕೊಡಲಿಲ್ಲ. ಮರುವರ್ಷ 44 ಪಂದ್ಯ ಗೆದ್ದಿತು. ಇದು ಇಷ್ಟು ಸರಳವಾಗಿರುವುದರಿಂದ ಚರ್ಚೆಯಲ್ಲಿ ಯಾರೂ ಇದನ್ನು ಎತ್ತುವುದಿಲ್ಲ.

ಎಲ್ಲ ಶಾಸ್ತ್ರಗಳ ಬುಡ ಕಿತ್ತದ್ದು ಡಲ್ಲಾಸ್. 2024ರಲ್ಲಿ ಫೈನಲ್ ಆಡಿದ ತಂಡ. ಮರುವರ್ಷ ಫೆಬ್ರವರಿಯಲ್ಲಿ, ಮರುನಿರ್ಮಾಣದ ನೆಪವೂ ಇಲ್ಲದೆ, 25 ವರ್ಷದ ತನ್ನ ತಾರೆ ಲುಕಾ ಡಾನ್ಚಿಚ್‌ನನ್ನು ಲಾಸ್ ಏಂಜಲೀಸಿನ ಲೇಕರ್ಸ್‌ಗೆ ಕೊಟ್ಟು ಅವನಿಗಿಂತ ಆರು ವರ್ಷ ದೊಡ್ಡವನಾದ ಆಂಥನಿ ಡೇವಿಸ್‌ನನ್ನು ತಂದಿತು. ಊರಿಗೆ ಊರೇ ಬೀದಿಗಿಳಿದು ವ್ಯವಸ್ಥಾಪಕರನ್ನು ಕಿತ್ತುಹಾಕಿ ಎಂದು ಕೂಗಿತು. ಮೇ ತಿಂಗಳಲ್ಲಿ ಲಾಟರಿ. ಡಲ್ಲಾಸಿಗಿದ್ದ ಅವಕಾಶ ಶೇ. 1.8. ಮೊದಲ ಆಯ್ಕೆ ಬಂದದ್ದು ಡಲ್ಲಾಸಿಗೇ! 65 ಪಂದ್ಯ ಕಷ್ಟಪಟ್ಟು ಸೋತ ಉಟಾದವರು ಅದೇ ಸಭಾಂಗಣದಲ್ಲಿ ಕುಳಿತು ಚಪ್ಪಾಳೆ ತಟ್ಟಬೇಕಾಯಿತು. ನವೆಂಬರಿನಲ್ಲಿ ವ್ಯವಸ್ಥಾಪಕರ ಕೆಲಸವೂ ಹೋಯಿತು. ಯೋಜನೆಗೆ ಐದನೆಯ ಸ್ಥಾನ, ಎಡವಟ್ಟಿಗೆ ಮೊದಲ ಸ್ಥಾನ. ಹೀಗಿರುವಾಗ ಮಾರಬೇಕೇ ಬೇಡವೇ ಎಂದು ಬುದ್ಧಿವಂತರನ್ನು ಕೇಳಿ ಪ್ರಯೋಜನವೇನು?

ಮಾರ್ಕನೆನ್ ಮಾತ್ರ 2025ರ ಸೆಪ್ಟೆಂಬರಿನಲ್ಲಿ ಫಿನ್ಲೆಂಡಿನ ಅಂಗಿ ತೊಟ್ಟು ಯುರೋಪಿಯನ್ ಚಾಂಪಿಯನ್‌ಷಿಪ್ಪಿನಲ್ಲಿ ಆಡಿದ. ಎನ್‌ಬಿಎಯ ದೊಡ್ಡ ತಾರೆ ನಿಕೋಲಾ ಯೋಕಿಚ್ ಇದ್ದ ಸೆರ್ಬಿಯಾವನ್ನೇ ಹೊರಗಟ್ಟಿ ಫಿನ್ಲೆಂಡ್ ನಾಲ್ಕನೆಯ ಸ್ಥಾನ ಪಡೆಯಿತು. ಗೆದ್ದದ್ದಕ್ಕೆ ಅಲ್ಲಿ ಯಾರೂ ಅವನನ್ನು ಬೈಯಲಿಲ್ಲವಂತೆ.

ಈ ಮರುನಿರ್ಮಾಣ ಶಾಸ್ತ್ರವನ್ನು ನಮ್ಮ ಕಬಡ್ಡಿಗೂ ತರಬೇಕೆಂದು ಅಳಿಯನ ಆಸೆ. ಅವನ ಮಾತು ಕೇಳಿ ನಮ್ಮ ಕಡೆಯ ಯಾವುದಾದರೂ ಯುವಕ ಸಂಘ ಅದಕ್ಕೆ ಇಳಿದರೆ ಏನಾದೀತು ಎಂದು ನಾನು ಊಹಿಸಿದ್ದೇನೆ.

ಶಾಲೆಯ ಜಗಲಿಯಲ್ಲಿ ಮಹಾಸಭೆ. ಸಂಘದ ಅತ್ಯುತ್ತಮ ರೈಡರ್ ಹಗಲು ವಯರಿಂಗ್ ಕೆಲಸ ಮಾಡುವ ಹುಡುಗ. ಟೆಸ್ಟರನ್ನು ಜೇಬಿಗೆ ಸಿಕ್ಕಿಸಿಕೊಂಡೇ ಸಭೆಗೆ ಬಂದಿದ್ದಾನೆ. ಅಧ್ಯಕ್ಷರು ಗಂಟಲು ಸರಿಮಾಡಿಕೊಂಡು, “ತಮ್ಮಾ, ನೀನು ಇರುವವರೆಗೆ ನಾವು ಸೆಮಿಫೈನಲ್ಲಿಗೆ ಬರುತ್ತಲೇ ಇರುತ್ತೇವೆ. ಇದು ಹೀಗೆಯೇ ಮುಂದುವರಿದರೆ ಸಂಘಕ್ಕೆ ಭವಿಷ್ಯವಿಲ್ಲ” ಎನ್ನುತ್ತಾರೆ.

“ನನ್ನನ್ನು ಯಾರಿಗೆ ಕೊಡುತ್ತೀರಿ ಅಣ್ಣಾ?”

“ಪೆರ್ಲದವರಿಗೆ. ಬದಲಿಗೆ ಅವರ ಶಾಲೆಯಲ್ಲಿ ಈಗ ಐದನೇ ತರಗತಿಯಲ್ಲಿರುವ ಹುಡುಗರ ಪೈಕಿ, ಮುಂದೆ ಕಬಡ್ಡಿ ಆಡುವವರಿದ್ದರೆ, ಮೊದಲು ಆರಿಸುವ ಹಕ್ಕು ನಮಗೆ.”

“ಅವರು ಆಡದಿದ್ದರೆ?”

“ಹಕ್ಕು ಇರುತ್ತದಲ್ಲ.”

ಠರಾವು ಪಾಸಾಗುತ್ತದೆ. ಹುಡುಗ ಪೆರ್ಲಕ್ಕೆ ಹೋಗಿ ಮೊದಲ ಟೂರ್ನಿಯಲ್ಲೇ ತನ್ನ ಹಳೆಯ ಸಂಘದ ಏಳೂ ಜನರನ್ನು ಒಬ್ಬರ ಹಿಂದೆ ಒಬ್ಬರಂತೆ ಔಟ್ ಮಾಡಿ ಬರುತ್ತಾನೆ. ಸಂಘದವರು ಒಳಗೊಳಗೇ ಹಿಗ್ಗುತ್ತಾರೆ. ಎಲ್ಲವೂ ಯೋಜನೆಯಂತೆಯೇ ನಡೆಯುತ್ತಿದೆ. ಕೆಲವು ವರ್ಷ ಹೀಗೆ ಹಿಗ್ಗಿದ ಬಳಿಕ ಹಕ್ಕು ಚಲಾಯಿಸುವ ದಿನ ಬರುತ್ತದೆ. ಹಾರ ಹಿಡಿದು ಪೆರ್ಲಕ್ಕೆ ಹೋದರೆ, ಮೊದಲ ಆಯ್ಕೆಯ ಹುಡುಗನಿಗೆ ಹಿಂದಿನ ವಾರವಷ್ಟೇ ದುಬಾಯಿ ವೀಸಾ ಬಂದಿರುತ್ತದೆ. ಎರಡನೆಯವನು ಮಂಗಳೂರಿನಲ್ಲಿ ನರ್ಸಿಂಗ್ ಓದುತ್ತಿರುತ್ತಾನೆ. ಮೂರನೆಯವನಿಗೆ ಕ್ರಿಕೆಟ್ ಹುಚ್ಚು.

ಆ ವರ್ಷದ ಮಹಾಸಭೆಯಲ್ಲಿ ಅಧ್ಯಕ್ಷರು ಅವಿರೋಧವಾಗಿ ಮರು ಆಯ್ಕೆಯಾಗುತ್ತಾರೆ. ಮರುನಿರ್ಮಾಣ ಅರ್ಧದಲ್ಲಿರುವಾಗ ಮುಖ್ಯಸ್ಥರನ್ನು ಬದಲಾಯಿಸುವುದು ಸರಿಯಲ್ಲ ಎಂದು ಕಾರ್ಯದರ್ಶಿ ವರದಿಯಲ್ಲಿ ಬರೆದಿರುತ್ತಾರೆ. ಕಾರ್ಯದರ್ಶಿ ಅಧ್ಯಕ್ಷರ ಮಗ.