ಹದಿಹರೆಯದ ಕಾದಂಬರಿಗೆ ‘ನಾನು ಯಾರು?’ ಎಂಬ ತೊಳಲಾಟವೇ ಬೇಕೇ?

ಪರ

ಹೌದು ಎನ್ನುವ ಪಾಳಿ ನನಗೆ ಬಂದಿದೆ. ಬಹುಪಾಲು ಒಪ್ಪಿಯೇ ಬರೆಯುತ್ತಿದ್ದೇನೆ. ಎಸ್ಸೆಸ್ಸೆಲ್ಸಿ ಮುಗಿಸಿದ ಹುಡುಗಿಗೆ ಮನೆಯವರು ವಿಜ್ಞಾನ ತೆಗೆದುಕೋ ಎನ್ನುತ್ತಾರೆ, ಗೆಳತಿಯರು ವಾಣಿಜ್ಯ ಎನ್ನುತ್ತಾರೆ. ತನಗೇನು ಬೇಕೆಂಬುದು ಅವಳಿಗೇ ತಿಳಿದಿರುವುದಿಲ್ಲ. ಮುಖದ ಮೊಡವೆಯಿಂದ ಹಿಡಿದು ಇಂಗ್ಲಿಷಿನ ಅಂಜಿಕೆಯವರೆಗೆ ಎಲ್ಲವೂ ತನ್ನೊಬ್ಬಳದೇ ಕೊರತೆ ಎಂದುಕೊಂಡವಳಿಗೆ, ಕಾದಂಬರಿಯ ಹುಡುಗಿಯೂ ಹಾಗೆಯೇ ತೊಳಲುವುದನ್ನು ಓದಿದರೆ ಎದೆ ಹಗುರಾಗುತ್ತದೆ. ಅಮೆರಿಕದ ಎಸ್.ಇ. ಹಿಂಟನ್ ಅವರ ‘ದಿ ಔಟ್‌ಸೈಡರ್ಸ್’ 1967ರಲ್ಲಿ ಪ್ರಕಟವಾದಾಗ ಅವರಿಗೆ 18 ವರ್ಷ. ಕಥೆ ಹೇಳುವವನು 14ರ ಹುಡುಗ. ಆ ವಯಸ್ಸಿನ ಸಂಶಯವನ್ನು ಆ ವಯಸ್ಸಿನವರೇ ಬರೆದದ್ದರಿಂದ ಅದು ಇಂದಿಗೂ ಓದಿಸಿಕೊಳ್ಳುತ್ತಿದೆ. ವಿರೋಧಿಸುವವರಿಗೆ ಬಹುಶಃ ಸಿಂಹ-ಮೊಲದ ನೀತಿಕಥೆಯೇ ಸಾಕು. ಕೊನೆಯ ಪುಟದ ಹೊತ್ತಿಗೆ ಎಲ್ಲ ಹುಡುಗರೂ ತಮ್ಮನ್ನು ತಾವು ಕಂಡುಕೊಂಡುಬಿಡುವುದು ನನಗೂ ತುಸು ಅತಿ ಎನಿಸುತ್ತದೆ, ಆ ಮಾತು ಬೇರೆ.

ವಿರೋಧ

ಬೇಡ. ಇಂಥ ಕಾದಂಬರಿಯ ನಾಯಕ ತನ್ನ ಕೋಣೆಯ ಕದ ಹಾಕಿಕೊಂಡು ಪುಟಗಟ್ಟಲೆ ಮರುಗುತ್ತಾನೆ. ನಮ್ಮ ಕಡೆ ಎಷ್ಟು ಮನೆಗಳಲ್ಲಿ ಹುಡುಗನಿಗೆಂದು ಬೇರೆ ಕೋಣೆ ಇದೆ?

ಆಲಮಟ್ಟಿಯ ಹಿನ್ನೀರಿಗೆ ಬಾಗಲಕೋಟೆಯ ನಮ್ಮ ಓಣಿ ಹೋಗುತ್ತದೆ ಎಂದು ಗೊತ್ತಾದಾಗ ನಾನು ಪಿಯುಸಿ ಓದುತ್ತಿದ್ದೆ. ಅಪ್ಪನಿಗೆ ಸಹಿ ಹಾಕುವುದಷ್ಟೇ ಬರುತ್ತಿತ್ತು. ನೋಟಿಸು, ಉತಾರ, ಪರಿಹಾರದ ಅರ್ಜಿ ಎಲ್ಲವನ್ನೂ ಓದಿ ಹೇಳುವ ಕೆಲಸ ನನ್ನ ಪಾಲಿಗೆ ಬಿತ್ತು. ಮನೆಯ ಅಳತೆಯಲ್ಲಿ ಹಿತ್ತಲ ಕಡೆಯ ಪಡಸಾಲೆ ಬಿಟ್ಟುಹೋಗಿರುವುದನ್ನು ಹಿಡಿದವನು ನಾನೇ. ಕಾರಕೂನರ ಮುಂದೆ ಬಾಯಿ ಒಣಗಿತ್ತು, ಆದರೂ ಹೇಳಿದೆ. ಅವರು ಅಪ್ಪನನ್ನು ಬಿಟ್ಟು ನನ್ನ ಕಡೆ ತಿರುಗಿ ಮಾತನಾಡತೊಡಗಿದರು. ಅಂದಿನಿಂದ ಅವ್ವ ಅಪ್ಪನಿಗೂ ನನಗೂ ಒಟ್ಟಿಗೇ ಬಡಿಸತೊಡಗಿದಳು. ಅದುವರೆಗೆ ನನ್ನ ಊಟ ತಮ್ಮ-ತಂಗಿಯರ ಸಾಲಿನಲ್ಲಿತ್ತು. ನಾನು ಯಾರು ಎಂದು ಕೇಳಿಕೊಳ್ಳುವ ಪುರುಸೊತ್ತೇ ನನಗಿರಲಿಲ್ಲ.

ಒಂಟಿತನ ಕಳೆಯುತ್ತದೆ ಎಂಬ ವಾದವೊಂದು ಉಂಟು. ಅದಕ್ಕೆ ಗೆಳೆಯರಿದ್ದಾರೆ.

ನಾ. ಡಿಸೋಜ ಅವರ ‘ಮುಳುಗಡೆಯ ಊರಿಗೆ ಬಂದವರು’ ಕೃತಿಗೆ 2011ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಬಾಲಸಾಹಿತ್ಯ ಪುರಸ್ಕಾರ ಬಂತು. ಅವರು ಮಲೆನಾಡಿನವರು, ಕೃಷ್ಣೆಯ ದಂಡೆಯಿಂದಲೂ ಅಂಥ ಬರವಣಿಗೆ ಬರಲಿ. ಆಲಮಟ್ಟಿಯ ನೀರಿನ ಮಟ್ಟವನ್ನು 519.60ರಿಂದ 524.256 ಮೀಟರಿಗೆ ಏರಿಸುವ ಯೋಜನೆ ಇದೆ. ಅದರ ಅಂಚಿನ ಹಳ್ಳಿಗಳಲ್ಲಿ ಹತ್ತನೆಯ ತರಗತಿಯ ಮಕ್ಕಳು ಇಂದಿಗೂ ಹಿರಿಯರಿಗೆ ಕಾಗದಪತ್ರ ಓದಿ ಹೇಳುತ್ತಿರಬೇಕು. ಅವರನ್ನು ಕಥೆಗೆ ತರುವವರು ಪರಿಹಾರದ ದರಪಟ್ಟಿಯನ್ನೂ ತರಲಿ. ಆ ಹುಡುಗರಿಗೆ ಅದು ಚೆನ್ನಾಗಿಯೇ ಅರ್ಥವಾಗುತ್ತದೆ.