ತಟ್ಟಿ ನೋಡುವ ಟಬ್ಬು

ನಮ್ಮ ಮಾವನವರ ಕೊಟ್ಟಿಗೆಯ ಎದುರು ಒಂದು ಬಾತ್‌ಟಬ್ ಇದೆ. ಅದರಲ್ಲಿ ದನ ನೀರು ಕುಡಿಯುತ್ತವೆ. ಕೊಡಗಿನ ಅಮ್ಮತ್ತಿ ಕಡೆ ಯಾವುದೋ ಹಳೇ ಬಂಗಲೆ ಕೆಡವುವಾಗ ಬೀಟೆ ಮರದ ಬಾಗಿಲು ಸಿಗುತ್ತದೇನೋ ಎಂದು ಹೋದ ಮಾವ, ಬಾಗಿಲು ಬೇರೆಯವರ ಪಾಲಾದ ಸಿಟ್ಟಿಗೆ ಟಬ್ಬನ್ನು ಹೇರಿಸಿಕೊಂಡು ಬಂದರಂತೆ. ಇಳಿಸಲು ಆರು ಆಳು ಬೇಕಾಯಿತು. ಮೆಣಸಿನ ಕಾಲದಲ್ಲಿ ದನಗಳಿಗೆ ಬಕೆಟ್ಟೇ ಗತಿ. ಟಬ್ಬಿನಲ್ಲಿ ಹಣ್ಣುಮೆಣಸಿನ ಮೂಟೆ ನೆನೆಯುತ್ತಿರುತ್ತದೆ, ಸಿಪ್ಪೆ ಕೊಳೆತು ಬಿಳಿಮೆಣಸಾಗಲಿಕ್ಕೆ. 1854ರಲ್ಲಿ ಫೌಲರ್ ಎಂಬ ದೊರೆ ಮಡಿಕೇರಿ ಬಳಿ ಕಾಫಿ ತೋಟ ಹಾಕಿದ ಮೇಲೆ ಒಬ್ಬರ ಹಿಂದೊಬ್ಬರು ಬಂದ ಬಿಳಿಯರಲ್ಲಿ ಇದರಲ್ಲಿ ಮಿಂದವರು ಯಾರೋ, ಘಟ್ಟ ಹತ್ತಿಸಿ ತಂದವರು ಯಾರೋ.

ನನಗೆ ಟಬ್ಬಿನ ಜಾತಿಗೀತಿ ಗೊತ್ತಿರಲಿಲ್ಲ. ಬಿಳಿಯದೆಲ್ಲ ಟಬ್ಬು. ಹೋಂಸ್ಟೇ ಶುರು ಮಾಡಿದಾಗ ಒಂದು ಕೋಣೆಗಾದರೂ ಟಬ್ ಇರಲಿ ಎಂದು ಯಾರೋ ಕಿವಿ ಊದಿದರು. ಮೈಸೂರಿನ ಅಂಗಡಿಯವರು ‘ಪಕ್ಕಾ ಅಕ್ರಿಲಿಕ್’ ಎಂದು ಕೊಟ್ಟರು. ಇಬ್ಬರು ಹುಡುಗರು ಅದನ್ನು ಮಂಚದ ಹಾಗೆ ಎತ್ತಿಕೊಂಡು ಮೆಟ್ಟಿಲು ಹತ್ತಿದರು.

ಕೆಟ್ಟದ್ದು ಮೊದಲ ವಾರದಲ್ಲೇ. ಮನೆಗೆಲಸಕ್ಕೆ ಬರುವ ಅಕ್ಕನಿಗೆ ನಮ್ಮ ಬಚ್ಚಲಿನ ತಾಮ್ರದ ಹಂಡೆಯ ಮೇಲೆ ತುಂಬ ಅಭಿಮಾನ. ಹುಣಿಸೆಹಣ್ಣು, ಬೂದಿ, ತೆಂಗಿನ ನಾರು ಹಿಡಿದು ಕೂತರೆ ಹಂಡೆ ಹೊಸ ಪೈಸೆಯಂತಾಗುತ್ತದೆ. ಅದೇ ಭಕ್ತಿಯಿಂದ ಟಬ್ಬನ್ನೂ ಉಜ್ಜಿದಳು. ಸಂಜೆ ನೋಡಿದರೆ ಹೊಳಪು ಹೋಗಿ ತಳವೆಲ್ಲ ಮಂಕು, ಗೀರು. “ಹಂಡೆ ಇಷ್ಟಕ್ಕೆಲ್ಲ ಹೆದರಲ್ಲ ಅಣ್ಣ” ಎಂದಳು, ತಪ್ಪು ಟಬ್ಬಿನದೇ ಎಂಬಂತೆ.

ಪ್ಲಂಬರ್ ಬಂದ. ಅವನ ಚೀಲದಲ್ಲಿ ಹಳೇ ರೇಡಿಯೋ ಸ್ಪೀಕರಿನ ಅಯಸ್ಕಾಂತ. ಟಬ್ಬಿನ ಬದಿಗೆ ಹಿಡಿದ, ಅಂಟಲಿಲ್ಲ. “ಕಬ್ಬಿಣ ಅಲ್ಲ ಬಿಡಿ ಸಾರ್.” ಅಂಗೈ ಊರಿ ತಳ ಒತ್ತಿದ. ಕಿರ್ ಎಂದು ಸ್ವಲ್ಪ ತಗ್ಗಿತು. ಆಮೇಲೆ ನೀರು ಹೋಗುವ ತೂತಿನ ಮುಚ್ಚಳ ಬಿಚ್ಚಿ, ಮೊಬೈಲ್ ಟಾರ್ಚ್ ಬಿಟ್ಟು ನನ್ನನ್ನು ಬಗ್ಗಿಸಿದ. ತೂತಿನ ಅಂಚಿನಲ್ಲಿ ಉಗುರಿನಷ್ಟೂ ದಪ್ಪವಿಲ್ಲದ ಬಿಳಿ ಪದರ. ಅದರಡಿಯಲ್ಲಿ ಜೇನಿನ ಬಣ್ಣದ ಅಂಟಿನಲ್ಲಿ ಸಿಕ್ಕಿಕೊಂಡ ಗಾಜಿನ ನಾರು, ಹಲಸಿನ ತೊಳೆಯ ಸುತ್ತಲಿನ ಎಳೆಗಳ ಹಾಗೆ. ಫೈಬರ್‌ಗ್ಲಾಸ್! ಬಣ್ಣ ಮೇಲಿನ ಆ ಬಿಳಿ ಪದರದಲ್ಲಿ, ಅಂದರೆ ಜೆಲ್‌ಕೋಟಿನಲ್ಲಿ ಮಾತ್ರ. ಅದು ಸವೆದರೆ ಕಥೆ ಮುಗಿಯಿತು.

ಅಕ್ರಿಲಿಕ್ ಆಗಿದ್ದರೆ ಆ ಅಂಚಿನಲ್ಲಿ ಕೆಲವು ಮಿಲಿಮೀಟರ್ ದಪ್ಪದ ಹಾಳೆ ಪೂರ್ತಿ ಒಂದೇ ಬಣ್ಣ ಇರುತ್ತದಂತೆ. ಸಣ್ಣ ಗೀರಾದರೆ ನಯವಾದ ಉಜ್ಜುಕಾಗದದಿಂದ ತೀಡಿ ಪಾಲಿಶ್ ಕೊಡಬಹುದು. ಮೋಸ ಹೋಗುವುದು ಬೆನ್ನು ನೋಡಿದಾಗ. ಅಕ್ರಿಲಿಕ್ ಹಾಳೆಯನ್ನು ಕಾಯಿಸಿ ಅಚ್ಚಿನ ಮೇಲೆ ಎಳೆದು, ಗಟ್ಟಿಯಾಗಲೆಂದು ಹಿಂಬದಿಗೆ ಫೈಬರ್‌ಗ್ಲಾಸನ್ನೇ ಬಳಿಯುತ್ತಾರೆ. ಹಿಂದಿನಿಂದ ಎರಡೂ ಅಣ್ಣತಮ್ಮಂದಿರು. ಉಗುರಿನ ಬಣ್ಣ ತೆಗೆಯುವ ಅಸಿಟೋನು ತಾಗಿಸಿ ಪರೀಕ್ಷೆ ಮಾಡೋಣವೆಂದೆ. ಪ್ಲಂಬರ್ ಬಾಟಲಿ ಕಿತ್ತುಕೊಂಡ. ಅಕ್ರಿಲಿಕ್ ಆದರೆ ಆ ಜಾಗ ಕರಗಿ ಹೋಗುತ್ತದೆ.

ಹುಮ್ಮಸ್ಸಿಗೆ ಅವನನ್ನು ಕೊಟ್ಟಿಗೆಗೂ ಕರೆದೊಯ್ದೆ. ಅಯಸ್ಕಾಂತ ಟಕ್ಕನೆ ಕಚ್ಚಿತು. ಆದರೆ ಅಷ್ಟಕ್ಕೇ ತೀರ್ಮಾನವಿಲ್ಲ: ಉಕ್ಕಿನ ತಗಡಿಗೂ ಎನಾಮಲ್ ಎಂಬ ಗಾಜಿನಂಥ ಲೇಪ ಹಾಕಿ ಟಬ್ ಮಾಡುತ್ತಾರೆ, ಅದಕ್ಕೂ ಅಂಟುತ್ತದೆ. ಆಗ ತಟ್ಟಬೇಕು. ಹಲಸಿನಹಣ್ಣು ತಟ್ಟಿ ಕೊಳ್ಳುವವರಿಗೆ ಇದನ್ನು ಕಲಿಸಬೇಕಿಲ್ಲ. ತಗಡಿನದು ಪಿಂಗಾಣಿ ತಟ್ಟೆಯಂತೆ ಠಣ್ ಎನ್ನುತ್ತದೆ. ಬೀಡುಕಬ್ಬಿಣದ್ದು ಧಪ್ ಎಂದು ಸುಮ್ಮನಾಗುತ್ತದೆ, ಮಾತು ಕಡಿಮೆಯ ಹಿರಿಯರ ಹಾಗೆ. ಮಾವನದು ಧಪ್ ಎಂದಿತು. ಅಂಚಿನ ಕೆಳಗೆ ಕೈ ಹಾಕಿದರೆ ಒರಟೊರಟು ಎರಕ, ಕಿರುಬೆರಳಿನಷ್ಟು ದಪ್ಪ. ನೂರೈವತ್ತು ಕೆಜಿಗೆ ಕಡಿಮೆಯಿಲ್ಲ.

ದೊರೆಗಳ ಮೇಲೆ ಕನಿಕರ ಬಂದದ್ದು ಆಗಲೇ. ಡಿಸೆಂಬರಿನ ಬೆಳಿಗ್ಗೆ ಇದಕ್ಕೆ ಬೆನ್ನು ತಾಗಿಸಿದರೆ ಹೇಗಿರಬೇಕು! ಮೈಯ ಬಿಸಿಯನ್ನು ಕಬ್ಬಿಣ ಕ್ಷಣದಲ್ಲಿ ಎಳೆದುಕೊಳ್ಳುತ್ತದೆ. ಪ್ಲಾಸ್ಟಿಕ್ಕಿನ ಜಾತಿಯವು ಅಷ್ಟು ಕೊರೆಯುವುದಿಲ್ಲ. ಕೈಯಿಟ್ಟು ಜಾತಿ ಹೇಳಲು ಅದೂ ಒಂದು ದಾರಿ. ಲೆಕ್ಕ ಹಾಕಿದೆ: ಇಷ್ಟು ಕಬ್ಬಿಣ ಬೆಚ್ಚಗಾಗಲು ಸುಮಾರು 16 ಲೀಟರ್ ನೀರನ್ನು ಅಷ್ಟೇ ಬಿಸಿ ಮಾಡುವಷ್ಟು ಶಾಖ ಬೇಕು. ದೊರೆ ಮೀಯುವ ಮುಂಚೆ ಟಬ್ಬೇ ಒಂದು ಬಕೆಟ್ ಮಿಂದಿರುತ್ತದೆ. ಬಿಸಿಯಾದ ಮೇಲೆ ಮಾತ್ರ ಬೇಗ ಆರುವುದಿಲ್ಲ, ಅದು ನಿಜ.

ನಮ್ಮ ಅತಿಥಿಗಳು ಟಬ್ಬಿನ ಫೋಟೋ ತೆಗೆಯುತ್ತಾರೆ. ಆಮೇಲೆ ಹಿಂದಿನ ಬಚ್ಚಲಿಗೆ ಬಂದು, ಸಿಲ್ವರ್ ಓಕ್ ಮರದ ಸೌದೆ ಉರಿಯುವ ಒಲೆಯ ಮುಂದೆ ಹಂಡೆಯಿಂದ ಚೊಂಬಿನಲ್ಲಿ ಹೊಯ್ದುಕೊಂಡು, ಹೊಗೆಗೆ ಕಣ್ಣು ಕೆಂಪಾಗಿಸಿಕೊಂಡು ಹೊರಡುತ್ತಾರೆ. ಜುಲೈ ಬಂದರೆ ಟಬ್ ನಮ್ಮದು. ತೋಟದಿಂದ ಬಂದವರು ರೈನ್‌ಕೋಟು, ಗಂಬೂಟು, ಕಾಲುಚೀಲ ಎಲ್ಲ ಅದರೊಳಗೆ ಬಿಡುತ್ತೇವೆ. ಹೊಳಪು ಹೋದರೂ ಬಿಳುಪು ಉಳಿದಿದೆ. ಜಿಗಣೆ ಎಷ್ಟೇ ಸಣ್ಣದಿರಲಿ, ಕಣ್ಣಿಗೆ ಬೀಳುತ್ತದೆ. ಅಕ್ಕ ಉಪ್ಪಿನ ಡಬ್ಬಿಯನ್ನು ಟಬ್ಬಿನ ಅಂಚಿನ ಮೇಲೆಯೇ ಇಟ್ಟಿದ್ದಾಳೆ.