ಖರ್ಚಿಲ್ಲದ ಆದ್ಯತೆ, ಶೇಕಡಾ 15ರ ಬಡ್ಡಿ

ಕಳೆದ ಮಂಗಳವಾರ ಹಾಸನದ ಸರ್ಕಾರಿ ಕಚೇರಿಯೊಂದರ ಮುಂದೆ ಆರು ಕುರ್ಚಿ, ಒಂದು ಕಂಪ್ಯೂಟರು, ಒಂದು ಕಬ್ಬಿಣದ ಬೀರು ಬಿಸಿಲಿನಲ್ಲಿ ನಿಂತಿದ್ದವು. ನಾಲೆಗೆ ಜಮೀನು ಕಳೆದುಕೊಂಡ ಆಲೂರು ಕಡೆಯ ರೈತರೊಬ್ಬರ ಅಮಲ್ಜಾರಿ ಅರ್ಜಿಯ, ಅಂದರೆ ತೀರ್ಪಿನಂತೆ ಬರಬೇಕಾದ ಪರಿಹಾರ ವಸೂಲಿ ಮಾಡಿಸಿಕೊಡಿ ಎಂಬ ಅರ್ಜಿಯ ಮೇಲೆ ಜಪ್ತಿ ವಾರಂಟು ತಂದಿದ್ದ ಕೋರ್ಟಿನ ಅಮೀನರು ಸಾಮಾನುಗಳ ಪಟ್ಟಿ ಬರೆಯುತ್ತಿದ್ದರು. ನ್ಯಾಯಾಲಯದ ಶಿರಸ್ತೇದಾರನಾಗಿ ನಿವೃತ್ತನಾದ ನನಗೆ ಜಪ್ತಿ ಹೊಸದಲ್ಲ. ಸಿಟ್ಟು ಬಂದದ್ದು ಆ ರೈತರ ವಕೀಲರ ಮಾತು ಕೇಳಿ: ನ್ಯಾಯಾಲಯದಲ್ಲಿ ಹಳೆಯ ದಾವೆಗಳಿಗೆ ಮೊದಲ ಆದ್ಯತೆ ಎಂದಾದ ಮೇಲೆ ಈ ಅರ್ಜಿ ಎರಡು ವರ್ಷ ಬರೀ ವಾಯಿದೆಯಲ್ಲೇ, ಅಂದರೆ ತಾರೀಖು ಮುಂದೂಡುವುದರಲ್ಲೇ ಕಳೆಯಿತಂತೆ.

ಇದರೊಳಗಿನ ತಮಾಷೆಯನ್ನು ಗಮನಿಸಿ. ಮೂಲ ವ್ಯಾಜ್ಯಕ್ಕೆ ಇಪ್ಪತ್ತು ವರ್ಷ ಆಗಿರಬಹುದು, ಆದರೆ ಪರಿಹಾರ ಹೆಚ್ಚಿಸಿ ತೀರ್ಪು ಬಂದ ಮೇಲೆ ಹಣ ವಸೂಲಿಗೆ ಹಾಕುವ ಅಮಲ್ಜಾರಿ ಅರ್ಜಿಗೆ ಹೊಸ ನಂಬರು, ಹೊಸ ಇಸವಿ ಬೀಳುತ್ತದೆ. ಐದು ವರ್ಷ ಮೀರಿದ್ದನ್ನು ಮೊದಲು ಎತ್ತಿಕೊಳ್ಳಿ ಎಂದಾಗ ಈ ಮುದಿ ವ್ಯಾಜ್ಯ ಕಡತದ ಮೇಲೆ ನಿನ್ನೆ ಹುಟ್ಟಿದ ಕೂಸಿನಂತೆ ಕಾಣುತ್ತದೆ. ಅಮಲ್ಜಾರಿ ಅರ್ಜಿಗಳನ್ನು ಆರು ತಿಂಗಳಲ್ಲಿ ಮುಗಿಸಬೇಕೆಂದು ಸುಪ್ರೀಂ ಕೋರ್ಟ್ 2021ರಲ್ಲಿ ಹೇಳಿತು, 2025ರ ಮಾರ್ಚ್‌ನಲ್ಲಿ ಮತ್ತೆ ಹೇಳಿತು. ಹಳೆಯದೂ ಮೊದಲು, ಅಮಲ್ಜಾರಿಯೂ ಮೊದಲು. ಎರಡನ್ನೂ ನಡೆಸಬೇಕಾದವರು ಮಾತ್ರ ಅದೇ ಒಬ್ಬ ನ್ಯಾಯಾಧೀಶರು, ಅದೇ ಒಬ್ಬ ಸ್ಟೆನೋ.

ಈಗ ದುಡ್ಡಿನ ಮಾತು. 1894ರ ಭೂಸ್ವಾಧೀನ ಕಾಯ್ದೆಯ 28ನೇ ಕಲಮಿನಂತೆ, ನ್ಯಾಯಾಲಯ ಹೆಚ್ಚಿಸಿದ ಪರಿಹಾರದ ಮೇಲೆ ಜಮೀನು ಸ್ವಾಧೀನಕ್ಕೆ ಹೋದ ಮೊದಲ ವರ್ಷಕ್ಕೆ ಶೇಕಡಾ 9, ಅಲ್ಲಿಂದ ಮುಂದೆ ಹಣ ಕೋರ್ಟಿಗೆ ಬಂದು ಬೀಳುವ ತನಕ ಶೇಕಡಾ 15ರಂತೆ ಬಡ್ಡಿ ಕೊಡಿಸಬಹುದು. ಅದರ ಬದಲಿಗೆ ಬಂದ 2013ರ ಕಾಯ್ದೆಯ 72ನೇ ಕಲಮಿನಲ್ಲೂ ಇದೇ ದರ ಉಳಿದಿದೆ. ಲೆಕ್ಕಕ್ಕೆಂದು ಹೆಚ್ಚಿದ ಪರಿಹಾರ ಹತ್ತು ಲಕ್ಷ ಎಂದಿಟ್ಟುಕೊಳ್ಳಿ. ತಿಂಗಳಿಗೆ ಬಡ್ಡಿ 12,500 ರೂಪಾಯಿ. ಎರಡು ತಿಂಗಳ ಒಂದು ವಾಯಿದೆಗೆ 25,000. ಶೇಕಡಾ 15ರಲ್ಲಿ ಆರು ವರ್ಷ ಎಂಟು ತಿಂಗಳಿಗೆ ಬಡ್ಡಿ ಅಸಲನ್ನು ಮುಟ್ಟುತ್ತದೆ. ಇದು ಒಂದು ಅರ್ಜಿಯ ಕಥೆ. ಹೇಮಾವತಿ, ಯಗಚಿಗಳಿಗೆಂದು ಜಮೀನು ಕೊಟ್ಟ ಈ ಜಿಲ್ಲೆಯಲ್ಲಿ ಇಂಥ ಕಡತಗಳಿಗೆ ಬರವೇ?

ಲೆಕ್ಕಪತ್ರ ಶಾಖೆಯಲ್ಲಿರುವ ನನ್ನ ಭಾವಮೈದುನ ಇದನ್ನು ಕೇಳಿ, “ಭಾವ, ಪಟ್ಟಿಯಲ್ಲಿ ಕೆಳಗಿನದನ್ನು ಮೇಲೆ ಹಾಕೋದಕ್ಕೆ ಏನು ಖರ್ಚು?” ಎಂದು ನಕ್ಕ. ಅವನ ಪುಸ್ತಕದಲ್ಲಿ ಅವನು ಹೇಳುವುದು ಸರಿ. ನ್ಯಾಯಾಡಳಿತದ ವೆಚ್ಚ 2014 ಎಂಬ ಲೆಕ್ಕ ಶೀರ್ಷಿಕೆಯಲ್ಲಿ ಕೂರುತ್ತದೆ, ಭಾರಿ ನೀರಾವರಿಯ ಬಂಡವಾಳ ವೆಚ್ಚ 4700ರಲ್ಲಿ. ಅಲ್ಲಿ ಒಬ್ಬ ನ್ಯಾಯಾಧೀಶರ, ಇಬ್ಬರು ಗುಮಾಸ್ತರ ಸಂಬಳ ಉಳಿಸಿದ್ದಕ್ಕೆ ಇಲ್ಲಿ ಎಷ್ಟು ಬಡ್ಡಿ ತೆತ್ತೆವು ಎಂದು ಎರಡು ಪುಟಗಳನ್ನು ಅಕ್ಕಪಕ್ಕ ಇಟ್ಟು ನೋಡುವವರು ಯಾರೂ ಇಲ್ಲ. ಬಡ್ಡಿ ಸಿಗುವಾಗ ರೈತನಿಗೇನು ನಷ್ಟ ಎಂಬುದು ಭಾವಮೈದುನನ ಮುಂದಿನ ಪ್ರಶ್ನೆ. ಮಗಳ ಮದುವೆಗೆ ನೂರಕ್ಕೆ ತಿಂಗಳಿಗೆ ಮೂರು ರೂಪಾಯಿಯಂತೆ ಕೈಸಾಲ ತಂದವನ ಮುಂದೆ ನಿಂತು ಅದನ್ನು ಕೇಳಿ ನೋಡಲಿ.

ಹಳೆಯ ದಾವೆಗಳು, ಮಕ್ಕಳ ಮೇಲಿನ ದೌರ್ಜನ್ಯದ ಪ್ರಕರಣಗಳು ಬೇಗ ಮುಗಿಯುವುದು ಬೇಡವೇ ಎಂದು ಕೇಳುವವರೂ ಬರುತ್ತಾರೆ. ಬೇಕು, ಬೇಡವೆಂದವರು ಯಾರು? ಆದರೆ ಆದ್ಯತೆಯ ಜೊತೆಗೆ ಹಣವೂ ಬರಬೇಕು, ಬಂದದ್ದು ನಿಲ್ಲಬೇಕು. ಹನ್ನೊಂದನೇ ಹಣಕಾಸು ಆಯೋಗದ ಕಾಲದಲ್ಲಿ ದೇಶದ 1,734 ತ್ವರಿತ ನ್ಯಾಯಾಲಯಗಳಿಗೆಂದು 502.90 ಕೋಟಿ ರೂಪಾಯಿ ತೆಗೆದಿಟ್ಟರು. 2011ರ ಮಾರ್ಚ್ 31ಕ್ಕೆ ಕೇಂದ್ರ ಕೈ ತೊಳೆದುಕೊಂಡಿತು. ಪ್ರಕರಣಗಳು ಕೈ ತೊಳೆದುಕೊಳ್ಳಲಿಲ್ಲ, ಮಾಮೂಲಿ ನ್ಯಾಯಾಲಯಗಳ ಬಾಗಿಲಿಗೇ ಬಂದು ನಿಂತವು.

ಇಷ್ಟೆಲ್ಲ ಬೈಯುವ ನಾನೇನು ಸಾಚಾ ಅಲ್ಲ. ಹೊಸ ಆದ್ಯತೆಯ ಸುತ್ತೋಲೆ ಬಂದಾಗಲೆಲ್ಲ, ಮುಗಿದ ಪ್ರಕರಣಗಳ ಲೆಕ್ಕ ತೋರಿಸುವ ತಿಂಗಳ ತಖ್ತೆ ಚೆಂದ ಕಾಣಲೆಂದು ಅಮಲ್ಜಾರಿ ಕಡತಗಳಿಗೆ ದೂರದ ತಾರೀಖು ಸೂಚಿಸಿದವರಲ್ಲಿ ನಾನೂ ಒಬ್ಬ. ಒಂದೊಂದು ತಾರೀಖಿನ ಬೆಲೆ ಇಷ್ಟು ಎಂದು ಆಗ ಗುಣಿಸಿ ನೋಡಿರಲಿಲ್ಲ. ಗುಣಿಸಿದ್ದರೂ ಬೇರೆ ತಾರೀಖು ಕೊಡುತ್ತಿದ್ದೆನೇ ಎಂಬುದು ಬೇರೆ ಮಾತು.

ಮಂಗಳವಾರ ಸಾಹೇಬರು ಹೊರಗೆ ಬಂದು, ಮೇಲಿನಿಂದ ಹಣ ಮಂಜೂರಾಗಿಲ್ಲ, ಎರಡು ತಿಂಗಳು ಕೊಡಿ ಎಂದರು. ಫೋನಿನಲ್ಲಿ ಮಾತುಗಳಾದವು, ವಕೀಲರು ಕಾಗದದ ಮೇಲೆ ಸಹಿ ಮಾಡಿದರು. ಪ್ಲಾಸ್ಟಿಕ್ ಚೀಲದಲ್ಲಿ ನಕಲುಗಳನ್ನು ಹಿಡಿದಿದ್ದ ಆ ರೈತ, ನಾನು ಯಾರೆಂದು ತಿಳಿಯದೆ, “ಸಾರ್, ಇವನ್ನೆಲ್ಲ ಮಾರಿದ್ರೆ ಎಷ್ಟ್ ಬರಬಹುದು?” ಎಂದು ಕೇಳಿದರು. ಆ ಎರಡು ತಿಂಗಳ ಬಡ್ಡಿಯೂ ಬಾರದು ಎಂದು ಹೇಳುವಷ್ಟರಲ್ಲಿ ಕಚೇರಿಯ ಜವಾನ ಕುರ್ಚಿಗಳನ್ನು ಎರಡೆರಡಾಗಿ ಎತ್ತಿ ಒಳಗೆ ಒಯ್ಯತೊಡಗಿದ್ದ.